ಆಲ್ಪ್ಸ್ ಪರ್ವತವನ್ನು ಕೊರೆದ ಸೊಮೆಯೇರ್

ಯೂರೋಪಿನ ಭೂಪಟವನ್ನು ಬಿಡಿಸಿ ನೋಡಿದರೆ ಇಟಲಿಯ ಉತ್ತರಕ್ಕೂ ಪಶ್ಚಿಮಕ್ಕೂ ಆಲ್ಪ್ಸ್ ಪರ್ವತಶ್ರೇಣಿಯು ಕೋಟೆಯ ಗೋಡೆಯಂತೆ ಹಬ್ಬಿರುವುದು ಕಾಣುತ್ತದೆ. ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಈ ಗೋಡೆಯ ಎರಡು ಕಡೆಗಳಿಂದಲೂ ರೈಲುಮಾರ್ಗಗಳು ಬೆಳೆದುಬರುತ್ತಿದ್ದವು. ಆದರೆ ಬೆಟ್ಟದ ಬುಡದ ಬಳಿ ಅವು ನಿಂತುಬಿಡಬೇಕಾಗಿತ್ತು. ಫ್ರಾನ್ಸಿನ ಕಡೆಯಿಂದ ಇಟಲಿಗೆ ಹೋಗುವ ಪ್ರಯಾಣಿಕನು ಅಲ್ಲಿ ಇಳಿದು, ಕುದುರೆಗಾಡಿಯನ್ನೇರಿ, ಮೌಂಟ್ ಸೆನಿಸ್ ಕಣಿವೆಯ ದಾರಿಯಲ್ಲಿ ಪರ್ವತವನ್ನು ಹತ್ತಿ ಇಳಿಯುತ್ತಿದ್ದನು. ಚಳಿಗಾಲದಲ್ಲಿ ಗಾಡಿಯ ಚಕ್ರಗಳು ಹಿಮದಲ್ಲಿ ಹೂತುಹೋಗುತ್ತಿದ್ದುದರಿಂದ ಜಾರುಬಂಡಿಯೇ ಗತಿಯಾಗಿತ್ತು. ಈ ಗೋಡೆಯ ಒಡಲನ್ನು ಕೊರೆದು ರೈಲು ಹೋಗುವಂತೆ ಮಾಡಿದವರಲ್ಲಿ ಜೆರ್ಮೇನ್ ಸೊಮೆಯೇರನು ಪ್ರಮುಖನು. ಕಲ್ಲು ಕೊರೆಯುವ ಯಂತ್ರದ ಚರಿತ್ರೆಯಲ್ಲಿ ಆತನ ಹೆಸರು ಶಾಶ್ವತವಾಗಿ ಉಳಿದಿದೆ.

ಸೊಮೆಯೇರನು 1815ನೆಯ ಇಸವಿ ಫೆಬ್ರವರಿ 15ರಂದು ಸವಾಯ್ ಪ್ರಾಂತದ ಸೇಂಟ್ ಜೋಯಿರ್ ಎಂಬ ಊರಿನಲ್ಲಿ ಜನಿಸಿದನು. ಅದು ಆಲ್ಪ್ಸ್ ಪರ್ವತದ ಮಡಿಲಿನಲ್ಲಿರುವ ಚಿಕ್ಕ ಊರು. ಸವಾಯ್ ಪ್ರಾಂತದ ಜನರ ನುಡಿ ಫ್ರೆಂಚ್ ಆದರೂ ಆತನು ಬೆಳೆದ ಕಾಲದಲ್ಲಿ ಆ ಪ್ರಾಂತವು ಸಾರ್ಡೀನಿಯ ರಾಜ್ಯಕ್ಕೆ ಸೇರಿದ್ದಿತು. ರಾಜ್ಯದ ರಾಜಧಾನಿಯಾದ ಟ್ಯೂರಿನ್ ನಗರವು ಪರ್ವತದ ಆಚೆಗಿತ್ತು. ಉನ್ನತ ವಿದ್ಯಾಭ್ಯಾಸಕ್ಕಾಗಿ ಸೊಮೆಯೇರನು ಆ ನಗರಕ್ಕೆ ಹೋದನು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಓದಿ ಎಂಜಿನಿಯರನಾದನು. ಆಗ ರೈಲಿನ ವಿದ್ಯೆ ಹೊಸದು. ಅದನ್ನು ಕಲಿತುಬರುವುದಕ್ಕಾಗಿ ಸರ್ಕಾರವು ಕೆಲವು ತರುಣ ಎಂಜಿನಿಯರುಗಳನ್ನು 1840ರ ದಶಕದಲ್ಲಿ ಬೆಲ್ಜಿಯಂ ದೇಶಕ್ಕೆ ಕಳುಹಿಸಿತು. ಅವರಲ್ಲಿ ಸೊಮೆಯೇರನೂ ಇದ್ದನು. ಆ ದೇಶದ ದೊಡ್ಡ ಯಂತ್ರಾಗಾರಗಳ ಪರಿಚಯವು ಮುಂದೆ ಆತನಿಗೆ ಬಹಳ ಉಪಕಾರವಾಯಿತು.

ಪರ್ವತದಲ್ಲಿ ಸುರಂಗವನ್ನು ತೋಡಬೇಕೆಂಬ ಯೋಚನೆ ಸೊಮೆಯೇರನದಲ್ಲ. ಬಾರ್ಡೊನೆಕಿಯ ಎಂಬ ಬೆಟ್ಟದೂರಿನ ಮೆದಾಯ್ ಎಂಬುವನು ಆ ಪ್ರದೇಶವನ್ನೆಲ್ಲ ಕಾಲ್ನಡಿಗೆಯಲ್ಲಿ ಸುತ್ತಿ, ಪರ್ವತವು ಎಲ್ಲಿ ಅತ್ಯಂತ ತೆಳುವಾಗಿದೆಯೆಂಬುದನ್ನು ಕಂಡುಕೊಂಡು, 1840ರ ಸುಮಾರಿಗೆ ಸರ್ಕಾರಕ್ಕೆ ತಿಳಿಸಿದ್ದನು. ಆ ಸ್ಥಳವು ಫ್ರೇಜುಸ್ ಶಿಖರದ ಹತ್ತಿರವಿದ್ದಿತು. ಮೌಂಟ್ ಸೆನಿಸ್ ಕಣಿವೆಗೂ ಅದಕ್ಕೂ ಬಹಳ ದೂರ. ಆದರೂ ಸುರಂಗಕ್ಕೆ ಮೌಂಟ್ ಸೆನಿಸ್ ಎಂಬ ಹೆಸರೇ ಲೋಕದಲ್ಲಿ ರೂಢಿಯಾಯಿತು. ಅತ್ಯಂತ ತೆಳುವಾದ ಆ ಜಾಗದಲ್ಲಿಯೂ ಸುರಂಗದ ಉದ್ದ 12 ಕಿಲೋಮೀಟರಿಗಿಂತ ಹೆಚ್ಚಾಗುತ್ತಿತ್ತು.

ಇಷ್ಟು ಉದ್ದದ ಸುರಂಗವನ್ನು ಕೈಕೆಲಸದಿಂದ ತೋಡುವುದೆಂದರೆ ಏನೆಂಬುದನ್ನು ಲೆಕ್ಕಹಾಕಿ ನೋಡಬಹುದು. ಆ ಕಾಲದಲ್ಲಿ ಬಂಡೆಯನ್ನು ಒಡೆಯುವ ಕ್ರಮ ಹೀಗಿತ್ತು: ಒಬ್ಬನು ಉಕ್ಕಿನ ಉಳಿಯನ್ನು ಬಂಡೆಗೆ ಒತ್ತಿ ಹಿಡಿಯುವನು, ಮತ್ತೊಬ್ಬನು ಸುತ್ತಿಗೆಯಿಂದ ಅದರ ತಲೆಯ ಮೇಲೆ ಹೊಡೆಯುವನು. ಪ್ರತಿ ಪೆಟ್ಟಿಗೂ ಉಳಿಯನ್ನು ಸ್ವಲ್ಪ ತಿರುಗಿಸಬೇಕು. ಇಲ್ಲದಿದ್ದರೆ ಅದು ಒಂದೇ ಗೀರಿನಲ್ಲಿ ಸಿಕ್ಕಿಕೊಳ್ಳುವುದು. ಹೀಗೆ ಕೊರೆದ ರಂಧ್ರಕ್ಕೆ ಸಿಡಿಮದ್ದನ್ನು ತುಂಬಿ ಹಾರಿಸಬೇಕು. ಈ ವಿಧಾನದಲ್ಲಿ ಗಟ್ಟಿ ಬಂಡೆಯಲ್ಲಿ ದಿನವೊಂದಕ್ಕೆ ಅರ್ಧ ಮೀಟರಿನಷ್ಟು ಮುಂದುವರಿದರೆ ಹೆಚ್ಚು. ಸಾಮಾನ್ಯವಾಗಿ ಉದ್ದವಾದ ಸುರಂಗಗಳಲ್ಲಿ ಮೇಲಿನಿಂದ ಬಾವಿಗಳನ್ನು ತೋಡಿ, ನಡುವೆ ಹಲವು ಕಡೆಗಳಲ್ಲಿ ಕೆಲಸವನ್ನು ಆರಂಭಿಸುವುದುಂಟು. ಇಲ್ಲಿ ಅದಕ್ಕೆ ಅವಕಾಶವಿರಲಿಲ್ಲ. ಸುರಂಗದ ನೆತ್ತಿಯ ಮೇಲೆ ಸುಮಾರು 1600 ಮೀಟರು ದಪ್ಪದ ಪರ್ವತ ನಿಂತಿದ್ದಿತು! ಎರಡೇ ಬಾಯಿಗಳಿಂದ, ದಿನಕ್ಕೆ ಒಟ್ಟು ಒಂದು ಮೀಟರಿನಂತೆ ತೋಡುತ್ತ ಹೋದರೆ ಮೂವತ್ತು ವರ್ಷಗಳಿಗೂ ಮೀರಿದ ಕಾಲ ಬೇಕಾಗುತ್ತಿತ್ತು.

ಹಾಗಾದರೆ ಸುತ್ತಿಗೆಯ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಬಾರದೇಕೆ? ಬೆಲ್ಜಿಯಂ ದೇಶದ ಮಾವುಸ್ ಎಂಬ ಎಂಜಿನಿಯರನು ಇಂಥದೊಂದು ಯಂತ್ರವನ್ನು ಯೋಜಿಸಿದ್ದನು. ಸಾಲುಸಾಲಾಗಿ ಜೋಡಿಸಿದ ಉಳಿಗಳು ಬಂಡೆಯನ್ನು ಹೊಡೆಯಬೇಕು. ಹೊರಗೆ ತಿರುಗುವ ನೀರಿನ ಚಕ್ರದ ಬಲವನ್ನು ಉದ್ದವಾದ ಹಗ್ಗಗಳ ಮೂಲಕ ಸುರಂಗದೊಳಕ್ಕೆ ಸಾಗಿಸಬೇಕೆಂಬುದು ಆತನ ಉದ್ದೇಶವಾಗಿತ್ತು. ಸುರಂಗವು ಉದ್ದವಾದಂತೆಲ್ಲ ಹಗ್ಗವೂ ಉದ್ದವಾಗಿ, ಬಲವೆಲ್ಲ ರಾಟೆಗಳ ಘರ್ಷಣೆಯಲ್ಲಿಯೇ ಕರಗಿಹೋಗುತ್ತಿತ್ತು. ಅಷ್ಟರಲ್ಲಿ 1848ರ ಯುದ್ಧ ಬಂದು ಆ ಯೋಜನೆ ಹಿಂದೆ ಬಿದ್ದಿತು. ಇನ್ನು ಉಗಿಯ ಯಂತ್ರವನ್ನು ಒಳಗೆ ಒಯ್ಯೋಣವೆಂದರೆ, ಒಂದೇ ಬಾಯಿಯುಳ್ಳ ಗವಿಯಲ್ಲಿ ಕಲ್ಲಿದ್ದಲಿನ ಹೊಗೆಗೆ ಸಿಕ್ಕಿ ಕೆಲಸಗಾರರು ಉಸಿರುಕಟ್ಟಿ ಸಾಯುವರು. ಬಂಡೆಗೆ ಹೊಡೆಯುವ ಉಳಿಯನ್ನು ಮಾಡುವುದು ಅಷ್ಟೇನೂ ಕಷ್ಟವಾಗಿರಲಿಲ್ಲ. ಹೊರಗಿನ ಬಲವನ್ನು ಆರು ಕಿಲೋಮೀಟರು ಒಳಗಿರುವ ಉಳಿಗೆ ಮುಟ್ಟಿಸುವುದು ಹೇಗೆಂಬುದೇ ನಿಜವಾದ ತೊಡಕಾಗಿತ್ತು.

ಇದಕ್ಕೆ ಉತ್ತರವು ಸೊಮೆಯೇರನಿಗೆ ಬೇರೊಂದು ಕೆಲಸದಲ್ಲಿ ದೊರಕಿದ್ದಿತು. ಟ್ಯೂರಿನ್ ನಗರದಿಂದ ಜೆನೋವಾ ಬಂದರಿಗೆ ಹೋಗುವ ರೈಲುಮಾರ್ಗದಲ್ಲಿ ಜೋವಿ ಎಂಬ ಕಡಿದಾದ ಏರು ಇದೆ. ಆ ಏರಿನಲ್ಲಿ ಗಾಡಿಗಳನ್ನು ಮೇಲಕ್ಕೆ ತಳ್ಳುವುದಕ್ಕೆ ಒತ್ತಿದ ಗಾಳಿಯನ್ನು ಬಳಸಬಹುದೆಂದು ಸೊಮೆಯೇರನೂ ಆತನ ಜೊತೆಗಾರರಾದ ಗ್ರಾಂಡಿಸ್ ಮತ್ತು ಗ್ರಟೋನಿ ಎಂಬುವರೂ ಯೋಚಿಸಿದರು. ಎತ್ತರದಿಂದ ಬೀಳುವ ನೀರಿನ ರಭಸದಿಂದಲೇ ಗಾಳಿಯನ್ನು ಒತ್ತುವ ಯಂತ್ರವನ್ನು ಅವರು ರಚಿಸಿದರು. ಜೋವಿಯ ಏರಿಗೆ ಕೊನೆಗೆ ಬಲಿಷ್ಠವಾದ ಉಗಿಬಂಡಿಗಳೇ ಬಂದುದರಿಂದ ಅಲ್ಲಿ ಈ ಯಂತ್ರಕ್ಕೆ ಕೆಲಸವಿಲ್ಲದೆ ಹೋಯಿತು. ಅದು ಸುರಂಗಕ್ಕೆ ಒದಗಿತು. ಪರ್ವತದ ಮೇಲೆ ಹೊಳೆಗಳಿಗೇನೂ ಕೊರತೆಯಿಲ್ಲ. ಹೊಳೆಯ ನೀರು ಹೊರಗೆ ಗಾಳಿಯನ್ನು ಒತ್ತಬೇಕು. ಕಬ್ಬಿಣದ ಕೊಳವೆ ಆ ಗಾಳಿಯನ್ನು ಒಳಕ್ಕೆ ಒಯ್ಯಬೇಕು. ಅಲ್ಲಿ ಅದು ಉಳಿಯನ್ನು ಹೊಡೆದು, ತನ್ನ ಕೆಲಸ ಮುಗಿದ ಮೇಲೆ ಕೆಲಸಗಾರರ ಉಸಿರಿಗೂ ಆಗಬೇಕು! ಉಗಿಯಿಂದ ಒದಗುತ್ತಿದ್ದ ವಿಪತ್ತು ಗಾಳಿಯಲ್ಲಿ ಉಪಕಾರವಾಗಿ ಮಾರ್ಪಟ್ಟಿತು.

ಕೊರೆಯುವ ಯಂತ್ರದ ವಿಷಯದಲ್ಲಿ ಇನ್ನೊಬ್ಬನ ಹೆಸರನ್ನು ಹೇಳದಿದ್ದರೆ ಅನ್ಯಾಯವಾದೀತು. ಸವಾಯ್ ಪ್ರಾಂತದ ರೈಲುಮಾರ್ಗದಲ್ಲಿ ಕೆಲಸಮಾಡುತ್ತಿದ್ದ ಬಾರ್ಟ್ಲೆಟ್ ಎಂಬ ಇಂಗ್ಲಿಷ್ ಎಂಜಿನಿಯರನು 1855ರ ವೇಳೆಗೆ ಉಗಿಯಿಂದ ನಡೆಯುವ ಕಲ್ಲು ಕೊರೆಯುವ ಯಂತ್ರವನ್ನು ರಚಿಸಿದ್ದನು. 1857ರಲ್ಲಿ ಜೆನೋವಾ ನಗರದ ಬಳಿ ನಡೆದ ಪರೀಕ್ಷೆಗಳಲ್ಲಿ ಆ ಯಂತ್ರವೂ, ಗಾಳಿಯನ್ನು ಒತ್ತುವ ಯಂತ್ರವೂ ಜೊತೆಯಾಗಿ ಕೆಲಸಮಾಡಿದವು. ಸೊಮೆಯೇರನು ಅದನ್ನು ನೋಡಿ, ಗಾಳಿಗೇ ತಕ್ಕಂತೆ ಸಂಪೂರ್ಣವಾಗಿ ಬೇರೆ ಯಂತ್ರವನ್ನು ರೂಪಿಸಿದನು. ಯಾರಿಗೆ ಎಷ್ಟು ಕೀರ್ತಿ ಸಲ್ಲಬೇಕೆಂಬ ಚರ್ಚೆ ಆಗಲೇ ಎದ್ದಿತು. ಹಲವರ ಕೈಯಲ್ಲಿ ಬಿಡಿಬಿಡಿಯಾಗಿದ್ದ ಯೋಚನೆಗಳನ್ನು ಒಂದುಗೂಡಿಸಿ, ಪರ್ವತದೊಳಗೆ ವರ್ಷಗಟ್ಟಲೆ ನಡೆಯುವಂತೆ ಮಾಡಿದ ಕೀರ್ತಿಯನ್ನು ಮಾತ್ರ ಸೊಮೆಯೇರನಿಂದ ಕಸಿದುಕೊಳ್ಳಲಾಗದು.

ಆ ಯಂತ್ರದ ರಚನೆಯನ್ನು ತುಸು ವಿವರವಾಗಿ ತಿಳಿಯುವುದು ಉಚಿತ. ಅದರ ಮುಖ್ಯ ಭಾಗವು ಒಂದು ಸಿಲಿಂಡರು. ಅದರೊಳಗೆ ಒಂದು ಪಿಸ್ಟನ್. ಪಿಸ್ಟನ್ನಿನ ಮುಂದಿನ ದಂಡಕ್ಕೆ ಉಕ್ಕಿನ ಉಳಿಯನ್ನು ಸಿಕ್ಕಿಸಿರುತ್ತಾರೆ. ಪಿಸ್ಟನ್ನಿನ ಮುಂಭಾಗದ ಮೇಲೆ ಒತ್ತಿದ ಗಾಳಿಯು ಯಾವಾಗಲೂ ಇರುತ್ತದೆ. ಆದರೆ ದಂಡವು ಆ ಕಡೆ ಜಾಗವನ್ನು ಆಕ್ರಮಿಸಿರುವುದರಿಂದ ಗಾಳಿಗೆ ಅಲ್ಲಿ ದೊರೆಯುವ ಮೈ ಚಿಕ್ಕದು. ಹಿಂಭಾಗದ ಮೈ ದೊಡ್ಡದು. ಅಲ್ಲಿಗೆ ಗಾಳಿಯು ಬಿಟ್ಟುಬಿಟ್ಟು ಬರುತ್ತದೆ. ಹಿಂದಕ್ಕೆ ಗಾಳಿ ನುಗ್ಗಿದಾಗ ಹೆಚ್ಚು ಬಲವು ಗೆದ್ದು ಉಳಿಯು ಬಂಡೆಗೆ ಅಪ್ಪಳಿಸುತ್ತದೆ. ಆ ಗಾಳಿ ಹೊರಹೋದ ಕೂಡಲೆ ಮುಂದಿನ ಗಾಳಿಯು ಪಿಸ್ಟನ್ನನ್ನು ಹಿಂದಕ್ಕೆ ತಳ್ಳುತ್ತದೆ. ನಿಮಿಷಕ್ಕೆ ಸುಮಾರು ಇನ್ನೂರು ಸಾರಿ ಹೀಗೆ ನಡೆಯುತ್ತಿತ್ತು. ಇದರ ಪಕ್ಕದಲ್ಲಿಯೇ ಗಾಳಿಯಿಂದ ತಿರುಗುವ ಮತ್ತೊಂದು ಪುಟ್ಟ ಯಂತ್ರವಿತ್ತು. ಮುಖ್ಯ ಸಿಲಿಂಡರಿನ ಕವಾಟವನ್ನು ತೆರೆದು ಮುಚ್ಚುವುದು, ಪ್ರತಿ ಪೆಟ್ಟಿಗೂ ಉಳಿಯನ್ನು ತುಸು ತಿರುಗಿಸುವುದು, ರಂಧ್ರವು ಆಳವಾದಂತೆ ಉಳಿಯನ್ನು ಮುಂದಕ್ಕೆ ಸರಿಸುವುದು, ಈ ಕೆಲಸಗಳೆಲ್ಲ ಅದರ ಪಾಲಿನವು. ಉಳಿ ಹಿಡಿಯುವವನ ಕೈಚಳಕವನ್ನೂ ಸುತ್ತಿಗೆಯವನ ತೋಳ್ಬಲವನ್ನೂ ಸೊಮೆಯೇರನು ಒಂದೇ ಚೌಕಟ್ಟಿನಲ್ಲಿ ಸೇರಿಸಿದ್ದನು. ರಂಧ್ರದೊಳಕ್ಕೆ ನೀರನ್ನು ಚಿಮ್ಮಿಸಿ ಕಲ್ಲಿನ ಪುಡಿಯನ್ನು ತೊಳೆಯುವ ವ್ಯವಸ್ಥೆಯೂ ಇದ್ದಿತು. ಇಂಥ ಹಲವು ಯಂತ್ರಗಳನ್ನು ಕಂಬಿಗಳ ಮೇಲೆ ಚಲಿಸುವ ಒಂದು ಭಾರಿ ಗಾಡಿಗೆ ಬಿಗಿದು ಬಂಡೆಯ ಮುಖಕ್ಕೆ ತರುತ್ತಿದ್ದರು. ಸುಮಾರು ಎಂಬತ್ತು ರಂಧ್ರಗಳನ್ನು ಕೊರೆದಾದ ಮೇಲೆ ಗಾಡಿಯನ್ನು ಹಿಂದಕ್ಕೆಳೆದು, ದಪ್ಪನೆಯ ಮರದ ಬಾಗಿಲುಗಳ ಮರೆಯಲ್ಲಿ ನಿಲ್ಲಿಸಿ ಸಿಡಿಮದ್ದನ್ನು ಹಾರಿಸುತ್ತಿದ್ದರು.

ಬಾರ್ಡೊನೆಕಿಯದಲ್ಲಿ ಗಾಳಿಯನ್ನು ಒತ್ತುತ್ತಿದ್ದ ಬಗೆಯೂ ಚಮತ್ಕಾರವಾಗಿದ್ದಿತು. 26 ಮೀಟರು ಎತ್ತರದಿಂದ ಇಳಿಯುವ ನೀರನ್ನು ಗಾಳಿ ತುಂಬಿದ ಕೋಣೆಗೆ ಒಮ್ಮೆಲೆ ಬಿಡುತ್ತಿದ್ದರು. ನೀರು ತನ್ನ ರಭಸದಿಂದ ಆ ಗಾಳಿಯನ್ನು ಆರನೆಯ ಒಂದು ಪಾಲಿನಷ್ಟು ಜಾಗಕ್ಕೆ ಅದುಮಿ, ಉಗ್ರಾಣದ ತೊಟ್ಟಿಗೆ ದೂಡುತ್ತಿತ್ತು.

ಈ ಯೋಜನೆಯನ್ನು ಕೇಳಿದವರೆಲ್ಲ ನಂಬಲಿಲ್ಲ. ಅಷ್ಟು ಉದ್ದದ ಕೊಳವೆಯಲ್ಲಿ ಗಾಳಿಯ ಒತ್ತಡವು ಉಳಿಯಲಾರದೆಂದು ಅನೇಕರು ವಾದಿಸಿದರು. ಸೊಮೆಯೇರನು ಪಾರ್ಲಿಮೆಂಟಿನ ಸದಸ್ಯನೂ ಆಗಿದ್ದುದರಿಂದ ಯೋಜನೆಯ ಪರವಾಗಿ ಅಲ್ಲಿಯೂ ನಿಲ್ಲಬೇಕಾಯಿತು. ಪ್ರಧಾನಿ ಕವೂರನು ಆತನನ್ನು ನಂಬಿದನು. 1857ರ ಆಗಸ್ಟ್ ತಿಂಗಳಲ್ಲಿ ಸುರಂಗದ ಶಾಸನವು ಅಂಗೀಕೃತವಾಯಿತು. ಅದೇ ತಿಂಗಳ 31ರಂದು ದೊರೆ ಎರಡನೆಯ ವಿಕ್ಟರ್ ಎಮಾನ್ಯುಯೆಲನು ಮೊದಾನ್ ಎಂಬ ಊರಿನ ಕಡೆಯಲ್ಲಿ ಮೊದಲ ಸಿಡಿತವನ್ನು ಉದ್ಘಾಟಿಸಿದನು.

ಯಂತ್ರಗಳು ಆಗಿನ್ನೂ ಸಿದ್ಧವಾಗಿರಲಿಲ್ಲ. ಅವು ಬೆಲ್ಜಿಯಂ ದೇಶದ ಸೆರಾಂಗ್ ಊರಿನ ಕಾಕರಿಲ್ ಯಂತ್ರಾಗಾರದಲ್ಲಿ ತಯಾರಾಗಿ ಪರ್ವತದ ಮೇಲಕ್ಕೆ ಬರಬೇಕಾಗಿತ್ತು. ಮೂರು ವರ್ಷಗಳಿಗೂ ಹೆಚ್ಚು ಕಾಲ ಕೈಕೆಲಸವೇ ನಡೆಯಿತು. ಈ ಮಧ್ಯೆ ರಾಜಕೀಯದ ಗಾಳಿಯೂ ಬದಲಾಯಿತು. 1860ರಲ್ಲಿ ಸವಾಯ್ ಪ್ರಾಂತವು ಒಪ್ಪಂದದಂತೆ ಫ್ರಾನ್ಸಿಗೆ ಸೇರಿಹೋಯಿತು. ಸೊಮೆಯೇರನ ಹುಟ್ಟೂರು ಒಂದು ದೇಶಕ್ಕೂ ಆತನ ಕೆಲಸವು ಇನ್ನೊಂದು ದೇಶಕ್ಕೂ ಹಂಚಿಹೋದವು. ಆತನು ಇಟಲಿಯ ಪ್ರಜೆಯಾಗಿ ಉಳಿಯುವುದನ್ನೇ ಆರಿಸಿಕೊಂಡನು. ಸುರಂಗದ ಒಂದು ಬಾಯಿ ಇಟಲಿಯಲ್ಲಿ, ಇನ್ನೊಂದು ಬಾಯಿ ಫ್ರಾನ್ಸಿನಲ್ಲಿ ಎಂಬಂತಾಯಿತು. ಮುಂದೆ ಫ್ರಾನ್ಸು ವೆಚ್ಚದಲ್ಲಿ ಪಾಲನ್ನು ಕೊಡಲು ಒಪ್ಪಿಕೊಂಡಿತು. ಕೆಲಸಕ್ಕೆ 25 ವರ್ಷಗಳ ಅವಧಿಯನ್ನು ಗೊತ್ತುಮಾಡಿ, ಬೇಗನೆ ಮುಗಿಸಿದರೆ ಹೆಚ್ಚಿನ ಹಣವನ್ನು ಕೊಡುವುದಾಗಿ ಒಡಂಬಟ್ಟಿತು.

1861ರ ಜನವರಿ ತಿಂಗಳಲ್ಲಿ ಬಾರ್ಡೊನೆಕಿಯದ ಕಡೆ ಯಂತ್ರಗಳು ಕೆಲಸಕ್ಕೆ ತೊಡಗಿದವು. ಸೊಮೆಯೇರನ ಜೀವನದಲ್ಲಿ ಇದಕ್ಕಿಂತ ಕಠಿಣವಾದ ವರ್ಷ ಬೇರೆ ಬಂದಿರಲಾರದು. ಉಳಿಗಳು ಮುರಿದವು, ಕವಾಟಗಳು ಸಿಕ್ಕಿಕೊಂಡವು, ಯಂತ್ರಗಳು ಬಂಡೆಯ ಮುಂದೆ ನಿಂತುದಕ್ಕಿಂತ ಕಮ್ಮಟದಲ್ಲಿ ದುರಸ್ತಿಗಾಗಿ ಬಿದ್ದಿದ್ದುದೇ ಹೆಚ್ಚು. ಸುತ್ತಿಗೆ ಹಿಡಿದ ಕೈಗಳಿಗೆ ಹೊಸ ಯಂತ್ರದ ಅಭ್ಯಾಸವೂ ಇರಲಿಲ್ಲ. ಹಿಂದಿನ ವರ್ಷ ಕೈಕೆಲಸದಿಂದಲೇ ಸುಮಾರು 200 ಮೀಟರು ತೋಡಿದ್ದ ಕಡೆ ಯಂತ್ರವು ಆ ಇಡೀ ವರ್ಷದಲ್ಲಿ ತೋಡಿದ್ದು 170 ಮೀಟರು ಮಾತ್ರ! ಯಂತ್ರವು ಮನುಷ್ಯನ ತೋಳಿಗೆ ಸೋತಿತ್ತು. ಅದೇ ವರ್ಷದ ಜೂನ್ ತಿಂಗಳಲ್ಲಿ ಕವೂರನೂ ತೀರಿಕೊಂಡನು. ಸಂದೇಹಪಟ್ಟಿದ್ದವರಿಗೆ ಮಾತಾಡುವುದಕ್ಕೆ ಇದಕ್ಕಿಂತ ಒಳ್ಳೆಯ ಅವಕಾಶ ಬೇಕಿರಲಿಲ್ಲ.

ಸೊಮೆಯೇರನು ಯಂತ್ರವನ್ನು ಬಿಡಲಿಲ್ಲ. ಮುರಿದ ಭಾಗಗಳನ್ನು ಒಂದೊಂದಾಗಿ ತಿದ್ದುತ್ತ ಬಂದನು. ನೀರಿನ ಹೊಡೆತದಿಂದ ಗಾಳಿಯನ್ನು ಒತ್ತುವ ತನ್ನದೇ ಯಂತ್ರವು ಮೊದಾನ್ ಕಡೆಯಲ್ಲಿ ಚೆನ್ನಾಗಿ ನಡೆಯದೆಂದು ಕಂಡಾಗ, ಅದರ ಬದಲಿಗೆ ನೀರಿನ ಚಕ್ರದಿಂದ ನಡೆಯುವ ಪಿಸ್ಟನ್ ಪಂಪುಗಳನ್ನು ಇರಿಸಲು ಹಿಂಜರಿಯಲಿಲ್ಲ. ತಾನು ಕಂಡುಹಿಡಿದುದನ್ನು ತಾನೇ ತೆಗೆದುಹಾಕುವ ಮನಸ್ಸು ಎಲ್ಲ ಶೋಧಕರಿಗೂ ಇರುವುದಿಲ್ಲ. 1862ರಲ್ಲಿ ಬಾರ್ಡೊನೆಕಿಯದ ಕಡೆ 380 ಮೀಟರು ಮುಂದುವರಿದರು. 1863ರ ಜನವರಿಯಲ್ಲಿ ಮೊದಾನ್ ಕಡೆಗೂ ಯಂತ್ರಗಳು ಬಂದವು. 1866ರ ವೇಳೆಗೆ ಬಾರ್ಡೊನೆಕಿಯದ ಕಡೆ ವರ್ಷದ ಸಾಧನೆ 800 ಮೀಟರುಗಳನ್ನು ದಾಟಿತು. ಮೊದಾನ್ ಕಡೆಯಲ್ಲಾದರೋ ಅತ್ಯಂತ ಗಡುಸಾದ ಬೆಣಚುಕಲ್ಲಿನ ಪದರವು ಅಡ್ಡಬಂದು ಕೆಲಸವು ಬಹಳ ನಿಧಾನವಾಯಿತು. ಅದನ್ನು ದಾಟಿದ ಮೇಲೆ ಮತ್ತೆ ವೇಗ ಬಂದಿತು.

ಈ ಸುರಂಗದಲ್ಲಿ ಬಳಕೆಗೆ ಬಂದ ತತ್ತ್ವವೇ ಮುಂದೆ ಲೋಕದ ಗಣಿಗಳಿಗೆಲ್ಲ ಹರಡಿತು. ನಮ್ಮ ಕೋಲಾರದ ಚಿನ್ನದ ಗಣಿಗಳಲ್ಲಿಯೂ ಬಂಡೆಯನ್ನು ಕೊರೆದದ್ದು ಒತ್ತಿದ ಗಾಳಿಯ ಯಂತ್ರಗಳೇ. 1902ರಲ್ಲಿ ಶಿವನಸಮುದ್ರದಿಂದ ಆ ಗಣಿಗಳಿಗೆ ವಿದ್ಯುಚ್ಛಕ್ತಿ ಬಂದಿತು. ಆ ವೇಳೆಗೆ ಸೊಮೆಯೇರನ ಭಾರವಾದ ಯಂತ್ರವು ಹಳತಾಗಿ, ಅದಕ್ಕಿಂತ ಸರಳವೂ ಹಗುರವೂ ಆದ ಯಂತ್ರಗಳು ಬಂದಿದ್ದವು.

1870ರ ಡಿಸೆಂಬರ್ 25ರಂದು, ಕ್ರಿಸ್ಮಸ್ ಹಬ್ಬದ ಸಂಜೆ, ಒಂದು ಕಡೆಯಿಂದ ಕೊರೆಯುತ್ತಿದ್ದ ಉಳಿಯು ಬಂಡೆಯನ್ನು ದಾಟಿ ಇನ್ನೊಂದು ಕಡೆಯವರ ಗವಿಯಲ್ಲಿ ಕಾಣಿಸಿಕೊಂಡಿತು. ಮರುದಿನ ಉಳಿದ ಗೋಡೆಯನ್ನು ಸಿಡಿಸಿದರು. ಎರಡು ದೇಶಗಳಿಂದ ಹೊರಟು, ಒಬ್ಬರನ್ನೊಬ್ಬರು ಕಾಣದೆ, ಆರಾರು ಕಿಲೋಮೀಟರು ಕತ್ತಲೆಯಲ್ಲಿ ತೋಡಿಬಂದ ಎರಡು ಗವಿಗಳ ನಡುವೆ ಕಂಡುಬಂದ ವ್ಯತ್ಯಾಸವು ಅರ್ಧ ಮೀಟರಿನ ಆಸುಪಾಸಿನದು ಮಾತ್ರ. ಕೈಕೆಲಸದಿಂದ ಮೂವತ್ತು ವರ್ಷಗಳಾಗುತ್ತಿದ್ದ ಕಾರ್ಯವು ಹದಿಮೂರು ವರ್ಷಗಳಲ್ಲಿ ಮುಗಿದಿತ್ತು.

ಸೊಮೆಯೇರನ ದೇಹವು ಅಷ್ಟರಲ್ಲಿ ಬಳಲಿದ್ದಿತು. ಸುರಂಗದಲ್ಲಿ ಕಂಬಿಗಳನ್ನು ಹಾಸುವ ಕೆಲಸ ನಡೆಯುತ್ತಿದ್ದ ಕಾಲದಲ್ಲಿ ಆತನು ತನ್ನ ಹುಟ್ಟೂರಾದ ಸೇಂಟ್ ಜೋಯಿರಿನಲ್ಲಿ 1871ರ ಜುಲೈ 11ರಂದು ತೀರಿಕೊಂಡನು. ಆಗ ಆತನ ವಯಸ್ಸು 56. ಅದಾಗಿ ಎರಡು ತಿಂಗಳ ಮೇಲೆ, ಸೆಪ್ಟೆಂಬರ್ 17ರಂದು, ಸುರಂಗದ ಉದ್ಘಾಟನೆಯ ರೈಲು ಹೊರಟಿತು.

1879ರಲ್ಲಿ ಟ್ಯೂರಿನ್ ನಗರದ ಒಂದು ಚೌಕದಲ್ಲಿ ಸುರಂಗದ ಸ್ಮಾರಕವನ್ನು ನಿಲ್ಲಿಸಿದರು. ಸುರಂಗದಿಂದ ತೆಗೆದ ಬಂಡೆಗಳನ್ನೇ ಗುಡ್ಡದಂತೆ ಪೇರಿಸಿ, ಅದರ ಮೈಮೇಲೆ ಸೋತು ಉರುಳುತ್ತಿರುವ ದೈತ್ಯರನ್ನೂ ನೆತ್ತಿಯ ಮೇಲೆ ರೆಕ್ಕೆಗಳುಳ್ಳ ಜ್ಞಾನದ ಮೂರ್ತಿಯನ್ನೂ ಕೆತ್ತಿ ಇರಿಸಿದ್ದಾರೆ. ದೈತ್ಯರೆಂದರೆ ವಿಜ್ಞಾನಕ್ಕೆ ಸೋತ ಪ್ರಕೃತಿಯ ಶಕ್ತಿಗಳೆಂದು ಅದನ್ನು ಮಾಡಿಸಿದವರ ಭಾವನೆ. ಆದರೆ ನಗರದ ಜನಸಾಮಾನ್ಯರು, ಬಂಡೆಗಳ ಕೆಳಗೆ ನರಳುತ್ತಿರುವ ಆ ಮೂರ್ತಿಗಳಲ್ಲಿ ಸುರಂಗವನ್ನು ತೋಡಿದ ಕೂಲಿಕಾರರನ್ನೇ ಕಾಣುತ್ತ ಬಂದಿದ್ದಾರೆ. ಸ್ಮಾರಕದ ಮೇಲೆ ಸೊಮೆಯೇರ್, ಗ್ರಾಂಡಿಸ್, ಗ್ರಟೋನಿ ಎಂಬ ಮೂರು ಹೆಸರುಗಳಿವೆ.