ಪದಗಳ ಬೆನ್ನು ಹತ್ತಿದ ಕಿಟ್ಟೆಲ್

ಮಕ್ಕಳೇ, ಕನ್ನಡದಲ್ಲಿ ನಾವು ಹಾಲು ಎನ್ನುತ್ತೇವೆ. ಮುಳಬಾಗಿಲು, ಶ್ರೀನಿವಾಸಪುರದ ಎಷ್ಟೋ ಮನೆಗಳಲ್ಲಿ ತೆಲುಗಿನಲ್ಲಿ ಪಾಲು ಎನ್ನುತ್ತಾರೆ. ತಮಿಳಿನಲ್ಲಿ ಅದು ಪಾಲ್. ಹಳಗನ್ನಡದಲ್ಲೂ ಪಾಲ್ ಎಂದೇ ಇತ್ತು! ಪದಗಳ ಇಂಥ ನೆಂಟಸ್ತನವನ್ನು ಹುಡುಕಿ ದಾಖಲಿಸಿದವರು ಫರ್ಡಿನೆಂಡ್ ಕಿಟ್ಟೆಲ್.

ಇವರು ಜರ್ಮನಿಯಲ್ಲಿ 1832ರಲ್ಲಿ ಜನಿಸಿದರು. 1853ರಲ್ಲಿ ಬಾಸೆಲ್ ಮಿಷನ್ನಿನ ಧರ್ಮಪ್ರಚಾರಕರಾಗಿ ಬಂದಾಗ ಅವರಿಗೆ 21 ವರ್ಷ. ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿದ್ದು ಕನ್ನಡ ಕಲಿತರು. ಓಲೆಗರಿಗಳನ್ನು ಓದಿದರು. ಜನರ ಆಡುಮಾತು, ಗಾದೆಗಳನ್ನೂ ಬರೆದುಕೊಂಡರು. ಪದದ ಅರ್ಥದ ಜೊತೆಗೆ ಅದು ಬಳಕೆಯಾದ ಗ್ರಂಥವನ್ನು, ಸೋದರ ಭಾಷೆಗಳ ರೂಪಗಳನ್ನು ಸೂಚಿಸಿದರು. ವಿಜ್ಞಾನಿಯೂ ಹೀಗೆಯೇ ಆಧಾರ ಕೊಡುತ್ತಾನಲ್ಲವೇ?

ನಡುವೆ ಸ್ವದೇಶಕ್ಕೆ ಮರಳಿದರೂ ಕೆಲಸ ಕೈಬಿಡಲಿಲ್ಲ. ಅದಕ್ಕಾಗಿ ಮತ್ತೆ ಬಂದರು. ಕಂಪ್ಯೂಟರ್ ಇಲ್ಲದ ಕಾಲ. ಸುಮಾರು 20 ವರ್ಷಗಳ ದುಡಿಮೆಯ ನಂತರ, 1894ರಲ್ಲಿ, ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. ಆಗ ಅವರಿಗೆ 62 ವರ್ಷ. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. 1903ರಲ್ಲಿ ಅವರು ತೀರಿಕೊಂಡರು.

ಈಗ ನಿಮ್ಮ ಸರದಿ. ರೇಷ್ಮೆಹುಳು ಪೊರೆ ಕಳಚುವ ಹಂತಕ್ಕೆ ನಮ್ಮ ರೈತರು ಜ್ವರ ಎನ್ನುತ್ತಾರೆ. ಅದು ಕಾಯಿಲೆಯಲ್ಲ! ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿಯೇ ಚಂದ್ರಿಕೆ. ಬಿದಿರಿನ ಬದಲು ಪ್ಲಾಸ್ಟಿಕ್ ಬಂದರೆ ಹಳೆಯ ಹೆಸರೂ ಮರೆತುಹೋಗಬಹುದು. ಕೇಳುವವರಿಲ್ಲದಿದ್ದರೆ ಪದ ಉಳಿಯದು. ಅಜ್ಜಿ, ತಾತ ಬಳಸುವ, ನಿಮಗೆ ಗೊತ್ತಿಲ್ಲದ ಹತ್ತು ಪದಗಳನ್ನು ಕೇಳಿ. ಪದ, ಅರ್ಥ, ಊರು, ಹೇಳಿದವರ ಹೆಸರು ಎಂದು ನಾಲ್ಕು ಕಾಲಂ ಹಾಕಿ ಬರೆಯಿರಿ. ತರಗತಿಯಲ್ಲಿ ಎಲ್ಲರ ಪಟ್ಟಿ ಸೇರಿಸಿದರೆ ನಿಮ್ಮ ಶಾಲೆಯದೇ ಒಂದು ಪುಟ್ಟ ನಿಘಂಟು ಸಿದ್ಧ!