ಮಂದದೃಷ್ಟಿಯ ವಿದ್ವಾಂಸರು: ವಿಲಿಯಂ ಆರ್ಚಿಬಾಲ್ಡ್ ಸ್ಪೂನರ್

ಎರಡು ಪದಗಳ ಮೊದಲಕ್ಷರಗಳು ಬಾಯಿತಪ್ಪಿ ಅದಲುಬದಲಾದರೆ ಅದನ್ನು ಇಂಗ್ಲಿಷಿನಲ್ಲಿ ಸ್ಪೂನರಿಸಂ ಎನ್ನುವರೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಪಾಠದಲ್ಲಿ ಕೇಳಿರಬಹುದು. ಆ ಹೆಸರಿಗೆ ಕಾರಣರಾದ ಸ್ಪೂನರ್ ಮಹಾಶಯರನ್ನು ಲೋಕವು ನಗೆಯೊಡನೆ ನೆನೆಯುತ್ತದೆ. ಅವರ ಹೆಸರಿನಲ್ಲಿ ಹೇಳುವ ನಗೆಮಾತುಗಳಲ್ಲಿ ಬಹುಪಾಲು ಅನ್ಯರು ಕಟ್ಟಿದವು. ಅವರ ಬಾಳಾದರೋ ಗೌರವದಿಂದ ನೆನೆಯತಕ್ಕದ್ದು.

ಅವರು 1844ನೆಯ ಇಸವಿ ಜುಲೈ 22ರಂದು ಲಂಡನ್ನಿನಲ್ಲಿ ಜನಿಸಿದರು. ಆಲ್ಬಿನಿಸಂ ಎಂಬ ವರ್ಣಹೀನತೆಯು ಅವರಿಗೆ ಹುಟ್ಟಿನಿಂದ ಬಂದುದು. ಕೂದಲು ಬಿಳಿ, ಮುಖ ನಸುಗೆಂಪು, ದೃಷ್ಟಿ ಬಲು ಮಂದ. ಚರ್ಮಕ್ಕೂ ಕೂದಲಿಗೂ ಬಣ್ಣ ಕೊಡುವ ಮೆಲನಿನ್ ಎಂಬ ವಸ್ತುವು ಕಣ್ಣಿನ ಬೆಳವಣಿಗೆಗೂ ಬೇಕು. ಅದು ಸಾಲದಾದಾಗ, ಅಕ್ಷಿಪಟದಲ್ಲಿ ಸೂಕ್ಷ್ಮವಾಗಿ ನೋಡುವ ನಡುಭಾಗವು ಗರ್ಭದಲ್ಲಿಯೇ ಪೂರ್ಣವಾಗಿ ರೂಪುಗೊಳ್ಳದು. ಕಣ್ಣಿನಿಂದ ಮಿದುಳಿಗೆ ಹೋಗುವ ನರತಂತುಗಳೂ ವಾಡಿಕೆಯ ಹಾದಿಯನ್ನು ಬಿಟ್ಟು ಹಾಯುವುವು. ಕಣ್ಣಾಲಿಗಳು ತಾವಾಗಿಯೇ ಅತ್ತಿತ್ತ ತೂಗುವುವು. ಬಿಸಿಲು ಕಣ್ಣು ಕುಕ್ಕುವುದು. ಇತರರು 200 ಅಡಿಯಿಂದ ಓದಬಲ್ಲ ಅಕ್ಷರವನ್ನು ಇಂಥವರಲ್ಲಿ ಕೆಲವರು 20 ಅಡಿಗೆ ಬಂದ ಮೇಲೆಯೇ ಗುರುತಿಸುವರು. ಕನ್ನಡಕವು ಈ ಕೊರತೆಯನ್ನು ಪೂರ್ತಿಯಾಗಿ ನೀಗಿಸಲಾರದು.

ಹೀಗಿದ್ದರೂ ಸ್ಪೂನರರು ಪುಸ್ತಕವನ್ನು ಕೈಬಿಡಲಿಲ್ಲ. ಆಸ್‌ವೆಸ್ಟ್ರಿಯ ಶಾಲೆಯಲ್ಲಿ ಓದಿ, 1862ರಲ್ಲಿ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿನ ನ್ಯೂ ಕಾಲೇಜನ್ನು ಸೇರಿದರು. 1867ರಲ್ಲಿ ಅಲ್ಲಿಯೇ ಫೆಲೋ ಆದರು. 1875ರಲ್ಲಿ ಗುರುದೀಕ್ಷೆ ಹೊಂದಿದರು. ಪ್ರಾಚೀನ ಚರಿತ್ರೆ, ದೇವಶಾಸ್ತ್ರ, ತತ್ತ್ವಶಾಸ್ತ್ರಗಳನ್ನು ಬೋಧಿಸಿದರು. ರೋಮಿನ ಚರಿತ್ರಕಾರ ಟ್ಯಾಸಿಟಸನ ಲ್ಯಾಟಿನ್ ಗ್ರಂಥವೊಂದನ್ನು 1891ರಲ್ಲಿ ಸಂಪಾದಿಸಿ ಪ್ರಕಟಿಸಿದರು. ಅಕ್ಷರಕ್ಕೆ ಅಕ್ಷರವನ್ನು ಹೋಲಿಸಿ ನೋಡಬೇಕಾದ ಇಂಥ ಕಾರ್ಯವನ್ನು ಮಂದದೃಷ್ಟಿಯವರೊಬ್ಬರು ಕೈಗೊಂಡರೆಂಬುದು ಸಾಮಾನ್ಯ ಸಂಗತಿಯಲ್ಲ. 1903ರಿಂದ 1924ರವರೆಗೆ ಅವರು ಆ ಕಾಲೇಜಿನ ಮುಖ್ಯಾಧಿಕಾರಿಯಾಗಿದ್ದರು. 1930ನೆಯ ಆಗಸ್ಟ್ 29ರಂದು ಕರ್ತನಲ್ಲಿ ನಿದ್ರೆಹೋದರು.

ಪ್ರಿಯ ಪೋಷಕರೇ, ಇಂಥ ಮಕ್ಕಳು ನಮ್ಮ ನಾಡಿನಲ್ಲಿಯೂ ಹುಟ್ಟುತ್ತಾರೆ. ಇದು ತೊನ್ನಲ್ಲ, ಅಂಟುಜಾಡ್ಯವಲ್ಲ, ತಾಯಿಯ ತಪ್ಪಂತೂ ಅಲ್ಲ. ವಂಶವಾಹಿಗಳ ಮೂಲಕ ಬರುವಂಥದು. ಕರಿಹಲಗೆ ಕಾಣದೆ ಸುಮ್ಮನೆ ಕುಳಿತ ಬಾಲೆಯನ್ನು ಮಂದಬುದ್ಧಿಯವಳೆಂದು ಎಣಿಸಿ ಶಾಲೆ ಬಿಡಿಸಿದರೆ, ಅವಳ ಬಾಳನ್ನೇ ನಾವು ಕತ್ತಲಾಗಿಸಿದಂತೆ. ಅವಳನ್ನು ಮುಂದಿನ ಬೆಂಚಿನಲ್ಲಿ, ಕಿಟಕಿಗೆ ಬೆನ್ನು ಮಾಡಿ ಕೂರಿಸಿರಿ. ದಪ್ಪಕ್ಷರದ ಪುಸ್ತಕ ಕೊಡಿರಿ. ಪುಟವನ್ನು ಮುಖದ ಹತ್ತಿರ ಹಿಡಿದು ಓದಿದರೆ ಗದರಿಸಬೇಡಿರಿ, ಅದರಿಂದ ಕಣ್ಣು ಕೆಡದು. ಬಿಸಿಲಿಗೆ ಹೋಗುವಾಗ ಕೊಡೆಯನ್ನೂ ತುಂಬುತೋಳಿನ ಉಡುಪನ್ನೂ ಮರೆಯಬೇಡಿರಿ. ವರ್ಷಕ್ಕೊಮ್ಮೆಯಾದರೂ ಕಣ್ಣಿನ ವೈದ್ಯರಿಗೆ ತೋರಿಸಿರಿ.

ದೇವರು ಒಬ್ಬೊಬ್ಬರಿಗೆ ಒಂದೊಂದು ಅಳತೆಯ ದೃಷ್ಟಿಯನ್ನು ಅನುಗ್ರಹಿಸಿದ್ದಾನೆ. ಕಣ್ಣಿನ ಅಳತೆಯಿಂದ ಬುದ್ಧಿಯನ್ನು ಅಳೆಯುವ ತಪ್ಪು ನಮ್ಮಿಂದ ಆಗದಿರಲಿ.