ಗಂಗಾಸಾಗರದ ಸಿಪಾಯಿ ಆಲ್ಬರ್ಟ್ ಎಕ್ಕಾ



ಡಿಸೆಂಬರ್ 3 ಸಂತ ಫ್ರಾನ್ಸಿಸ್ ಝೇವಿಯರರ ಹಬ್ಬ. 1971ರಲ್ಲಿ ಇದೇ ಹಬ್ಬದ ರಾತ್ರಿ, ನಮ್ಮದೇ ವಿಶ್ವಾಸದ ಒಬ್ಬ ಸಾಮಾನ್ಯ ಸಿಪಾಯಿ ರಣರಂಗದಲ್ಲಿ ಕೊನೆಯ ಹೋರಾಟ ನಡೆಸಿದರು. 1999ರ ಕಾರ್ಗಿಲ್ ಯುದ್ಧದಲ್ಲಿ ತೋಲೋಲಿಂಗ್ ಗೆದ್ದ ಪಡೆಯ ನಾಯಕ ಕರ್ನಲ್ ಎಂ.ಬಿ. ರವೀಂದ್ರನಾಥ್ ನಮ್ಮ ದಾವಣಗೆರೆಯವರು ಎಂಬುದು ನಮಗೆಲ್ಲ ಹೆಮ್ಮೆ. ಆದರೆ ನಾಯಕರ ಮಾತಿಗೆ ಓಗೊಟ್ಟು ಮುನ್ನಡೆಯುವ ಸಿಪಾಯಿಯ ಹೆಸರು ಜನರ ನೆನಪಿನಲ್ಲಿ ಉಳಿಯುವುದು ಅಪರೂಪ. ಹಾಗೆ ಉಳಿದ ಒಂದು ಹೆಸರು ಲ್ಯಾನ್ಸ್ ನಾಯಕ್ ಆಲ್ಬರ್ಟ್ ಎಕ್ಕಾ.

ಇಂದಿನ ಜಾರ್ಖಂಡ್ ರಾಜ್ಯದ ಗುಮ್ಲಾ ಜಿಲ್ಲೆಯ ಜಾರಿ ಎಂಬ ಹಳ್ಳಿಯಲ್ಲಿ, 1942ರ ಡಿಸೆಂಬರ್ 27ರಂದು ಆಲ್ಬರ್ಟ್ ಜನಿಸಿದರು. ತಂದೆ ಜೂಲಿಯಸ್, ತಾಯಿ ಮರಿಯಮ್. ಅವರದು ಉರಾಂವ್ ಆದಿವಾಸಿ ಕುಟುಂಬ. ಈ ಜನರ ಕುರುಖ್ ಭಾಷೆ ನಮ್ಮ ಕನ್ನಡದಂತೆಯೇ ದ್ರಾವಿಡ ಭಾಷೆ. ತಮ್ಮ ಪೂರ್ವಜರು ಕರ್ನಾಟಕದ ಕಡೆಯಿಂದ ಉತ್ತರಕ್ಕೆ ಹೋದರೆಂಬ ಐತಿಹ್ಯವೂ ಅವರಲ್ಲಿದೆ. 1885ರಲ್ಲಿ ಆ ಸೀಮೆಗೆ ಬಂದ ಯೇಸುಸಭೆಯ ಗುರು ಕಾನ್‌ಸ್ಟಂಟ್ ಲೀವನ್ಸ್, ಜಮೀನ್ದಾರರ ದಬ್ಬಾಳಿಕೆಗೆ ಸಿಕ್ಕಿದ್ದ ಆದಿವಾಸಿಗಳ ಪರವಾಗಿ ನ್ಯಾಯಾಲಯಗಳಲ್ಲಿ ನೆರವಾದರು. ಅಲ್ಲಿ ಶುಭಸಂದೇಶ ಬೇರೂರಿದ್ದು ಹೀಗೆ.

ಬಾಲಕ ಆಲ್ಬರ್ಟ್ ಬಿಲ್ಲುಬಾಣದಲ್ಲಿ ನಿಪುಣ, ಹಾಕಿಯಲ್ಲಿ ಚುರುಕು. 1962ರಲ್ಲಿ, ತಮ್ಮ ಇಪ್ಪತ್ತನೆಯ ಹುಟ್ಟುಹಬ್ಬದಂದೇ, ಬಿಹಾರ ರೆಜಿಮೆಂಟಿಗೆ ಸೇರಿದರು. 1968ರಲ್ಲಿ ಗಾರ್ಡ್ಸ್ ದಳದ 14ನೆಯ ಬೆಟಾಲಿಯನ್ ರಚನೆಯಾದಾಗ ಅದಕ್ಕೆ ವರ್ಗವಾದರು. ಮದುವೆಯಾಯಿತು, ಒಬ್ಬ ಮಗ ಹುಟ್ಟಿದ.

1971ರಲ್ಲಿ ಪೂರ್ವ ಪಾಕಿಸ್ತಾನದ ದಮನಕ್ಕೆ ಹೆದರಿ ಸುಮಾರು 1 ಕೋಟಿ ಜನ ಭಾರತಕ್ಕೆ ಓಡಿಬಂದರು. ಡಿಸೆಂಬರ್ 3ರಂದು ಯುದ್ಧ ಆರಂಭವಾಯಿತು. ಅಗರ್ತಲಾದಿಂದ ಪಶ್ಚಿಮಕ್ಕೆ ಕೆಲವೇ ಕಿಲೋಮೀಟರ್ ದೂರದ ಗಂಗಾಸಾಗರವನ್ನು ವಶಪಡಿಸಿಕೊಳ್ಳುವ ಹೊಣೆ ಆಲ್ಬರ್ಟರ ಬೆಟಾಲಿಯನ್ನಿಗೆ ಬಂತು.

ಆ ರಾತ್ರಿ ಶತ್ರುವಿನ ಮೆಷಿನ್‌ಗನ್ ಒಂದು ಅವರ ಸಂಗಡಿಗರನ್ನು ಒಬ್ಬೊಬ್ಬರಾಗಿ ಕೆಡವುತ್ತಿತ್ತು. ಆಲ್ಬರ್ಟ್ ಒಬ್ಬರೇ ಬಂಕರಿಗೆ ನುಗ್ಗಿ, ಇಬ್ಬರನ್ನು ಬಯೊನೆಟ್ಟಿನಿಂದ ಇರಿದು ಅದನ್ನು ಅಡಗಿಸಿದರು. ಅಲ್ಲಿ ತೀವ್ರವಾಗಿ ಗಾಯಗೊಂಡರು. ಹಿಂದಕ್ಕೆ ಹೋಗಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೂ ಸುಮಾರು ಒಂದೂವರೆ ಕಿಲೋಮೀಟರ್ ದೂರ, ಬಂಕರಿನಿಂದ ಬಂಕರಿಗೆ, ಜೊತೆಗಾರರೊಂದಿಗೆ ಮುನ್ನಡೆದರು. ಕೊನೆಗೆ ಒಂದು ಕಟ್ಟಡದ ಎರಡನೆಯ ಅಂತಸ್ತಿನಿಂದ ಮತ್ತೊಂದು ಮೆಷಿನ್‌ಗನ್ ಗುಂಡಿನ ಮಳೆಗರೆಯತೊಡಗಿತು. ಆಲ್ಬರ್ಟ್ ತೆವಳಿಕೊಂಡು ಹೋಗಿ ಗ್ರೆನೇಡ್ ಎಸೆದರು, ಗನ್ ನಿಲ್ಲಲಿಲ್ಲ. ಗೋಡೆ ಹತ್ತಿ ಒಳನುಗ್ಗಿ ಅದನ್ನು ಮೌನಗೊಳಿಸಿದರು. ಗಾಯಗಳಿಂದ ಜರ್ಜರಿತರಾಗಿ ಅಲ್ಲಿಯೇ ಪ್ರಾಣಬಿಟ್ಟರು. ಆಗ ಅವರಿಗೆ 28 ವರ್ಷ. ಅವರಿಗೆ ಮರಣೋತ್ತರವಾಗಿ ಪರಮವೀರ ಚಕ್ರ ನೀಡಲಾಯಿತು. ಆ ಯುದ್ಧದ ಪೂರ್ವರಂಗದಲ್ಲಿ ಈ ಗೌರವ ಪಡೆದವರು ಅವರೊಬ್ಬರೇ.

ಶತ್ರುವನ್ನೂ ಪ್ರೀತಿಸಿರೆಂದ ಪ್ರಭುವಿನ ಶಿಷ್ಯ ಬಯೊನೆಟ್ ಹಿಡಿಯಬಹುದೇ? ಈ ಪ್ರಶ್ನೆಯಿಂದ ನಾವು ಜಾರಿಕೊಳ್ಳಬಾರದು. ಕತ್ತಿಯನ್ನು ಒರೆಗೆ ಸೇರಿಸುವಂತೆ ಯೇಸು ಪೇತ್ರರಿಗೆ ಆಜ್ಞಾಪಿಸಿದರು. ಅದೇ ಯೇಸು ಕಫೆರ್ನವುಮಿನ ಶತಾಧಿಪತಿಯ ವಿಶ್ವಾಸವನ್ನು ಕೊಂಡಾಡಿದರು, ಅವನ ವೃತ್ತಿಯನ್ನು ಹಳಿಯಲಿಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆಯೂ 1965ರಲ್ಲಿ ಯುದ್ಧದ ಕ್ರೌರ್ಯವನ್ನು ಖಂಡಿಸಿತು. ಜೊತೆಗೆ, ಕರ್ತವ್ಯವನ್ನು ಸರಿಯಾಗಿ ನಿರ್ವಹಿಸುವ ಸೈನಿಕ ಜನರ ರಕ್ಷಣೆಯ ಸೇವಕನೆಂದು ಬೋಧಿಸಿತು. ಎಷ್ಟು ಜನರನ್ನು ಕೊಂದರು ಎಂಬುದರಿಂದ ಆಲ್ಬರ್ಟ್ ದೊಡ್ಡವರಾಗಲಿಲ್ಲ. ಮೈಯಲ್ಲಿ ರಕ್ತ ಸೋರುತ್ತಿದ್ದರೂ ಸಂಗಡಿಗರ ಪ್ರಾಣವನ್ನು ತನ್ನ ಪ್ರಾಣಕ್ಕಿಂತ ಹೆಚ್ಚೆಂದು ಎಣಿಸಿದ್ದರಿಂದ ದೊಡ್ಡವರಾದರು. ಅವರ ಕೈಯಿಂದ ಸತ್ತವರೂ ಯಾರೋ ತಾಯಂದಿರ ಮಕ್ಕಳೇ. ದೇಶ ತನ್ನವರನ್ನು ಗೌರವಿಸುತ್ತದೆ. ಧರ್ಮಸಭೆ ಎರಡೂ ಕಡೆಯವರಿಗಾಗಿ ಪ್ರಾರ್ಥಿಸುತ್ತದೆ.

ಆಲ್ಬರ್ಟರ ದೇಹ ಊರಿಗೆ ಬರಲಿಲ್ಲ. ಅಗರ್ತಲಾದ ಬಳಿಯಲ್ಲೇ ಮಣ್ಣು ಮಾಡಲಾಯಿತು. ರಾಂಚಿಯಲ್ಲಿ ವೃತ್ತಕ್ಕೆ ಅವರ ಹೆಸರಿಡಲಾಯಿತು, 2000ದಲ್ಲಿ ಅಂಚೆಚೀಟಿ ಬಂತು, 2023ರಲ್ಲಿ ಅಂಡಮಾನಿನ ಒಂದು ದ್ವೀಪಕ್ಕೂ ಅವರ ಹೆಸರಾಯಿತು. ಆದರೆ ಗಂಡನ ಸಮಾಧಿಗೆ ಒಂದು ಮೇಣದಬತ್ತಿ ಹಚ್ಚುವ ಸಮಾಧಾನ ಊರಿನಲ್ಲಿದ್ದ ಪತ್ನಿಗೆ ಇರಲಿಲ್ಲ. ನಾಲ್ಕು ದಶಕ ಕಳೆದ ಮೇಲೆ ಸಮಾಧಿಯ ಮಣ್ಣು ಊರಿಗೆ ಬಂತು.

ಸೈನಿಕನ ಬಲಿದಾನದಲ್ಲಿ ಮನೆಯವರ ಪಾಲೂ ಇದೆ. ಹರಿಹರದ ಆರೋಗ್ಯ ಮಾತೆಯ ಸನ್ನಿಧಿಗೆ ನಾವು ನಮ್ಮ ಕಾಯಿಲೆ, ಸಾಲ, ಮಕ್ಕಳ ಮದುವೆಗಳ ಹರಕೆ ಹೊತ್ತು ಹೋಗುತ್ತೇವೆ. ಶಿಲುಬೆಯ ಕೆಳಗೆ ನಿಂತ ಆ ತಾಯಿಗೆ ಮಗನನ್ನು ಕಳೆದುಕೊಂಡವರ ಸಂಕಟ ಗೊತ್ತು. ಈ ಡಿಸೆಂಬರ್ 3ರ ಸಂಜೆ ಮನೆಯವರೆಲ್ಲ ಕೂಡಿ ಜಪಸರ ಮಾಡುವಾಗ ಒಂದು ದಶಕವನ್ನು ಆಲ್ಬರ್ಟರಿಗಾಗಿ, ಗಡಿ ಕಾಯುವವರಿಗಾಗಿ, ಅವರ ದಾರಿ ಕಾಯುವ ಮನೆಗಳಿಗಾಗಿ, ಎದುರು ಪಾಳಯದಲ್ಲಿ ಮಡಿದವರಿಗಾಗಿಯೂ ಸಲ್ಲಿಸೋಣ.